ಕಾಯಿಲ್‌ನ ಓಮ್, ಬ್ಯಾಟರಿಯ ಲೆಕ್ಕ

ಕಾಮರ್ಸ್ ವಿದ್ಯಾರ್ಥಿಗೆ ಇಗ್ನಿಷನ್ ಕಾಯಿಲ್ ಸಹವಾಸ ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಮೋಟಾರ್ ಸೈಕಲ್‌ನ ಕರೆಂಟ್ ಕೂಡ ಜಮಾ-ಖರ್ಚಿನ ವ್ಯವಹಾರವೇ. ಡೈನಮೋ ದುಡಿಯುತ್ತದೆ. ಲೈಟು, ಹಾರನ್, ಕಾಯಿಲ್ ಖರ್ಚು ಮಾಡುತ್ತವೆ. ಉಳಿದದ್ದು ಬ್ಯಾಟರಿಗೆ ಜಮಾ. ಕಾಯಿಲ್ ಎಷ್ಟು ಖರ್ಚು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಅದರ ರೋಧ.

ಉದಾಹರಣೆಗೆ ನಮ್ಮ ರಾಜ್ಯದ್ದೇ ಗಾಡಿಯನ್ನು ತೆಗೆದುಕೊಳ್ಳೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಮೊದಲು ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಅಲ್ಲಿಂದ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ನಿಂತಿಲ್ಲ. ನಮ್ಮ ಚಾಚಾ ಇಂದಿಗೂ ಹಳೆಯ ಯೆಜ್ಡಿಯ ಮೇಲೆ ಬಟ್ಟೆಗಂಟು ಕಟ್ಟಿಕೊಂಡು ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಿಗೆ ಹೋಗುತ್ತಾರೆ. ದಾರಿಯಲ್ಲಿ ಗಾಡಿ ನಿಂತರೆ ಆ ದಿನದ ವ್ಯಾಪಾರವೂ ನಿಂತಂತೆ.

ಕಳೆದ ವರ್ಷ ಅದೇ ಆಯಿತು. ಕಾಯಿಲ್ ಕೆಟ್ಟು ಬೇರೆ ಹಾಕಿಸಿದ ಮೇಲೆ ಬ್ಯಾಟರಿ ಮತ್ತೆ ಮತ್ತೆ ಇಳಿಯತೊಡಗಿತು. ಹೊಸ ಬ್ಯಾಟರಿ ತಂದರು, ಅದೂ ಇಳಿಯಿತು. ಇನ್ನೊಂದು ತಂದರು. ಕೊನೆಗೆ ಗಾಡಿಯನ್ನೇ ಮಾರುವ ಮಾತು ಬಂತು. ಬ್ಯಾಟರಿಯಲ್ಲಿ ದೋಷವಿರಲಿಲ್ಲ ಎಂದು ತಿಳಿಯಲು ಕಾಯಿಲ್ ಕೆಲಸ ಮಾಡುವ ರೀತಿ ಗೊತ್ತಿರಬೇಕು.

ಕಾಯಿಲ್‌ನೊಳಗೆ ಎರಡು ಸುರುಳಿಗಳಿವೆ. ಪ್ರೈಮರಿಯಲ್ಲಿ ದಪ್ಪ ತಂತಿಯ ಕೆಲವೇ ನೂರು ಸುತ್ತು, ಸೆಕೆಂಡರಿಯಲ್ಲಿ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ಕರೆಂಟ್ ಪ್ರೈಮರಿಯಲ್ಲಿ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಕ್ಷೇತ್ರ ಕುಸಿಯುತ್ತದೆ, ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ.

ಈಗ ಹತ್ತನೇ ತರಗತಿಯ ಓಮ್‌ನ ನಿಯಮ ನೆನಪಿಸಿಕೊಳ್ಳಿ. ವೋಲ್ಟನ್ನು ರೋಧದಿಂದ ಭಾಗಿಸಿದರೆ ಕರೆಂಟ್. ಹಳೆಯ ಯೆಜ್ಡಿಯದು 6 ವೋಲ್ಟ್ ವ್ಯವಸ್ಥೆ. ಪ್ರೈಮರಿಯ ರೋಧ 1.5 ಓಮ್ ಇದ್ದರೆ ಪಾಯಿಂಟ್ ಮುಚ್ಚಿರುವಾಗ 4 ಆಂಪಿಯರ್ ಹರಿಯುತ್ತದೆ. ರೋಧ 0.5 ಓಮ್ ಆದರೆ 12 ಆಂಪಿಯರ್! ವೈರಿನ ರೋಧದಿಂದ ಇದು ಸ್ವಲ್ಪ ಕಡಿಮೆಯಾಗಬಹುದು, ಆದರೂ ಹೊರೆ ಹೊರೆಯೇ.

ಇದನ್ನು ಖಾತೆಗೆ ಇಳಿಸೋಣ. ಡೈನಮೋ 45 ವಾಟ್‌ನದು. 6 ವೋಲ್ಟ್‌ಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 7.5 ಆಂಪಿಯರ್ ಆದಾಯ. ರಾತ್ರಿ ಹೆಡ್‌ಲೈಟ್‌ಗೆ 25 ವಾಟ್, ಟೇಲ್‌ಲೈಟ್‌ಗೆ 5 ವಾಟ್ ಎಂದುಕೊಂಡರೆ 5 ಆಂಪಿಯರ್ ಖರ್ಚು. ಪಾಯಿಂಟ್ ಅರ್ಧ ಸಮಯ ಮುಚ್ಚಿರುತ್ತದೆ ಎಂದಿಟ್ಟುಕೊಳ್ಳಿ. ಸರಿಯಾದ ಕಾಯಿಲ್‌ಗೆ ಸರಾಸರಿ 2 ಆಂಪಿಯರ್ ಸಾಕು. ಒಟ್ಟು ಖರ್ಚು 7, ಉಳಿತಾಯ 0.5. ತಪ್ಪು ಕಾಯಿಲ್ ಸರಾಸರಿ 6 ಆಂಪಿಯರ್ ಎಳೆಯುತ್ತದೆ. ಒಟ್ಟು ಖರ್ಚು 11, ಕೊರತೆ 3.5. ಆ ಕೊರತೆಯನ್ನು ತುಂಬುವುದು ಬ್ಯಾಟರಿ. 12 ಆಂಪಿಯರ್-ಅವರ್ ಬ್ಯಾಟರಿಯಾದರೆ ಮೂರೂವರೆ ಗಂಟೆಯೊಳಗೆ ಬರಿದಾಗುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಡೈನಮೋ ಪೂರ್ತಿ ದುಡಿಯುವುದಿಲ್ಲ, ಆಗ ಇನ್ನೂ ಬೇಗ. ದುಡಿಮೆಗಿಂತ ಖರ್ಚು ಹೆಚ್ಚಿರುವ ಮನೆಯಲ್ಲಿ ಬರಕತ್ ಇರುವುದಿಲ್ಲ ಎಂದು ನಮ್ಮ ದಾದಿ ಹೇಳುವ ಮಾತು ಬ್ಯಾಟರಿಗೂ ಸಲ್ಲುತ್ತದೆ.

ಸೈನ್ಸ್ ವಿಭಾಗದ ಗೆಳೆಯನೊಬ್ಬ ಮಲ್ಟಿಮೀಟರ್ ತಂದು ಅಳೆದಾಗ ಚಾಚಾರ ಗಾಡಿಯಲ್ಲಿ ಸಿಕ್ಕಿದ್ದು ಇದೇ. ಅಂಗಡಿಯಲ್ಲಿ ಹಾಕಿದ್ದು ಸಿ.ಡಿ.ಐ. ಗಾಡಿಯ ಕಾಯಿಲ್. ಪಾಯಿಂಟ್‌ಗಳು ಸುಟ್ಟು ಕಪ್ಪಾಗಿದ್ದವು. ಸರಿಯಾದ 6 ವೋಲ್ಟ್ ಕಾಯಿಲ್ ಹಾಕಿ ಪಾಯಿಂಟ್ ಬದಲಿಸಿದ ಮೇಲೆ ಎರಡನೆಯ ಬ್ಯಾಟರಿಯೇ ಇಂದಿಗೂ ನಡೆಯುತ್ತಿದೆ. ಗಾಡಿ ಮಾರುವ ಮಾತು ಮತ್ತೆ ಬಂದಿಲ್ಲ.

ಹಾಗಾದರೆ ರೋಧ ಹೆಚ್ಚಿದ್ದಷ್ಟೂ ಒಳ್ಳೆಯದೇ? ಅಲ್ಲ. 12 ವೋಲ್ಟ್ ಪಾಯಿಂಟ್ ಗಾಡಿಯ 3 ಓಮ್ ಕಾಯಿಲನ್ನು 6 ವೋಲ್ಟ್ ಗಾಡಿಗೆ ಹಾಕಿದರೆ ಹರಿಯುವುದು 2 ಆಂಪಿಯರ್, ಅದಕ್ಕೆ ಬೇಕಾದುದರ ಅರ್ಧ. ಕಾಯಿಲ್‌ನಲ್ಲಿ ಸಂಗ್ರಹವಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಕಿಡಿಯ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಬ್ಯಾಟರಿ ಉಳಿಯುತ್ತದೆ, ಆದರೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಜಿಪುಣತನವೂ ನಷ್ಟವೇ.

ಬಿಸಿಯೂ ಲೆಕ್ಕ ಬದಲಿಸುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 50 ಡಿಗ್ರಿ ಬಿಸಿಯಾದರೆ 1.5 ಓಮ್ ಇದ್ದದ್ದು 1.8 ಆಗಿ, ಕರೆಂಟ್ 4ರಿಂದ 3.3 ಆಂಪಿಯರ್‌ಗೆ ಇಳಿಯುತ್ತದೆ. ದೂರ ಓಡಿದ ಮೇಲೆ ಮಾತ್ರ ತೊಂದರೆ ಕೊಡುವ ಕಾಯಿಲನ್ನು ಬಿಸಿಯಿರುವಾಗಲೂ ಅಳೆಯಬೇಕು. ಎಂಜಿನ್ ಆಫ್ ಆದ ಮೇಲೆ ಕೀ ಆನ್ ಇರಲು ಬಿಡಬಾರದು. ಪಾಯಿಂಟ್ ಮುಚ್ಚಿ ನಿಂತಿದ್ದರೆ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಸುಡುತ್ತದೆ.

ಸಿ.ಡಿ.ಐ. ಇರುವ ಗಾಡಿಗಳ ವಿಷಯ ಬೇರೆ. ಅಲ್ಲಿ ಕೆಪಾಸಿಟರ್ ತುಂಬಿಕೊಂಡ ವಿದ್ಯುತ್ತನ್ನು ಒಂದೇ ಕ್ಷಣದಲ್ಲಿ ಕಾಯಿಲ್‌ಗೆ ಸುರಿಯುತ್ತದೆ. ಹಾಗಾಗಿ 1 ಓಮ್‌ಗಿಂತ ಕಡಿಮೆ ರೋಧ ಅಲ್ಲಿ ಸಹಜ. ಅದನ್ನು ನೋಡಿ ಕಾಯಿಲ್ ಕೆಟ್ಟಿದೆ ಎನ್ನಬಾರದು.

ಮನೆಯಲ್ಲಿ ಅಳೆಯುವವರು ಮೊದಲು ಮೀಟರ್‌ನ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ. 0.3 ಓಮ್ ತೋರಿಸಿದರೆ ಅದು ಮೀಟರ್ ವೈರಿನ ರೋಧ, ಬಂದ ಅಳತೆಯಿಂದ ಅದನ್ನು ಕಳೆಯಿರಿ. ಕಾಯಿಲ್‌ನ ವೈರುಗಳನ್ನು ಬಿಚ್ಚಿದ ಮೇಲೆಯೇ ಅಳೆಯಿರಿ. ಸೆಕೆಂಡರಿಯಲ್ಲಿ ಸಾವಿರಾರು ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಎಂಜಿನ್ ಓಡುವಾಗ ಮಾತ್ರ ಪ್ಲಗ್ ವೈರನ್ನು ಮುಟ್ಟಲೇಬೇಡಿ.

ಅಂಗಡಿಯಲ್ಲಿ ಕಾಯಿಲ್ ಕೊಳ್ಳುವಾಗ ಬೆಲೆ ಎಷ್ಟು ಎಂದು ನಾವೆಲ್ಲ ಕೇಳುತ್ತೇವೆ. ಅದಕ್ಕೂ ಮೊದಲು ಎಷ್ಟು ವೋಲ್ಟಿನದು, ಎಷ್ಟು ಓಮ್, ಪಾಯಿಂಟ್ ಗಾಡಿಯದೋ ಸಿ.ಡಿ.ಐ. ಗಾಡಿಯದೋ ಎಂದು ಕೇಳಿ. ಈ ಮೂರು ಪ್ರಶ್ನೆಗೆ ದುಡ್ಡು ಖರ್ಚಾಗುವುದಿಲ್ಲ.