ತ್ಯಾಜ್ಯವೆನಿಸಿದ ಅನಿಲ ಔಷಧವಾದೀತೇ?

ಆಮ್ಲಜನಕವನ್ನು ಒಳಗೆಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುವುದೇ ಉಸಿರಾಟವೆಂದು ಮಕ್ಕಳು ಪ್ರಾಥಮಿಕ ಶಾಲೆಯಲ್ಲಿಯೇ ಕಲಿಯುತ್ತಾರೆ. ಒಂದು ಪ್ರಾಣವಾಯು, ಇನ್ನೊಂದು ತ್ಯಾಜ್ಯ ಎಂಬ ವಿಂಗಡಣೆ ಅಂದಿನಿಂದಲೇ ಮನಸ್ಸಿನಲ್ಲಿ ನೆಲೆಯೂರುತ್ತದೆ. ಆದುದರಿಂದಲೇ, ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ರಕ್ತದಲ್ಲಿ ಈ ಅನಿಲ ಏರಿದೆಯೆಂದೂ, ಸದ್ಯಕ್ಕೆ ಅದನ್ನು ಹಾಗೆಯೇ ಬಿಡಲಾಗಿದೆಯೆಂದೂ ವೈದ್ಯರು ಹೇಳಿದಾಗ ಹೊರಗೆ ಕಾದು ಕುಳಿತ ಮನೆಯವರು ಕಂಗಾಲಾಗುವುದು ಸಹಜ. ಇದು ನಿರ್ಲಕ್ಷ್ಯವೋ, ಚಿಕಿತ್ಸೆಯೋ? ಉತ್ತರವನ್ನು ಅರಿಯಲು ಅರ್ಧ ಶತಮಾನದ ವೈದ್ಯಕೀಯ ಇತಿಹಾಸದತ್ತ ಕಣ್ಣು ಹಾಯಿಸಬೇಕು.

1967ರಲ್ಲಿ ಅಮೆರಿಕದ ಡೆನ್ವರಿನ ವೈದ್ಯರು ವಿಚಿತ್ರ ಉಸಿರಾಟದ ತೊಂದರೆಗೆ ಸಿಲುಕಿದ 12 ರೋಗಿಗಳ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಅದನ್ನು ಎಆರ್‌ಡಿಎಸ್ ಎನ್ನುತ್ತಾರೆ. ನ್ಯುಮೋನಿಯಾ, ರಕ್ತದ ಸೋಂಕು, ಅಪಘಾತದ ಪೆಟ್ಟು ಮುಂತಾದ ಯಾವುದೇ ಕಾರಣದಿಂದ ಶ್ವಾಸಕೋಶದಲ್ಲಿ ಉರಿಯೂತ ಭುಗಿಲೆದ್ದು, ಗಾಳಿ ತುಂಬಬೇಕಾದ ಪುಟ್ಟ ಗೂಡುಗಳಲ್ಲಿ ದ್ರವ ತುಂಬಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಅನೇಕರ ಪ್ರಾಣ ಹೋದದ್ದು ಈ ಸ್ಥಿತಿಯಿಂದಲೇ.

ಇಂಥ ರೋಗಿಗೆ ವೆಂಟಿಲೇಟರ್ ಆಸರೆ. ಆದರೆ ಆ ಆಸರೆಯೇ ಅಪಾಯವೂ ಆಗಬಲ್ಲದು. ಆರೋಗ್ಯವಾಗಿ ಉಳಿದಿರುವ ಅಲ್ಪ ಭಾಗದೊಳಗೆ ಹೆಚ್ಚು ಗಾಳಿಯನ್ನು ಒತ್ತಿದರೆ ಅದು ಅತಿಯಾಗಿ ಹಿಗ್ಗಿ, ಗಾಯಗೊಂಡು, ಉರಿಯೂತವನ್ನು ಇಮ್ಮಡಿಗೊಳಿಸುತ್ತದೆ. ಉಸಿರಿನ ಗಾತ್ರವನ್ನು ಕುಗ್ಗಿಸಿದರೆ ಈ ಹಾನಿ ತಗ್ಗುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಪೂರ್ತಿಯಾಗಿ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದು ಇದಕ್ಕಿಂತ ಏರಿದರೂ ಸಹಿಸಿಕೊಳ್ಳೋಣ, ಶ್ವಾಸಕೋಶ ಉಳಿಯಲಿ ಎಂಬ ನೀತಿಯನ್ನು ನ್ಯೂಜಿಲೆಂಡಿನ ಹಿಕ್ಲಿಂಗ್ ಮತ್ತು ಸಂಗಡಿಗರು 50 ರೋಗಿಗಳಲ್ಲಿ ಅನುಸರಿಸಿ 1990ರಲ್ಲಿ ವರದಿ ಮಾಡಿದರು. ಶೇ. 39.6ರಷ್ಟು ಸಾವನ್ನು ಅಂದಾಜಿಸಿದ್ದಲ್ಲಿ ಸತ್ತವರು ಶೇ. 16. ಆದರೆ ಹೋಲಿಸಲು ಬೇರೆ ಗುಂಪಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 2000ದಲ್ಲಿ ಪ್ರಕಟವಾದ, 861 ರೋಗಿಗಳ ಅಮೆರಿಕದ ಪರೀಕ್ಷೆ. ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಗಾಳಿ ಪಡೆದವರಲ್ಲಿ ಶೇ. 39.8ರಷ್ಟು ಮಂದಿ ಸತ್ತರೆ, 6 ಮಿಲಿಲೀಟರ್ ಪಡೆದವರಲ್ಲಿ ಸತ್ತವರು ಶೇ. 31. ಸಣ್ಣ ಉಸಿರಿನ ಪರವಾಗಿ ತೀರ್ಪು ಬಂದಿತು.

ಪರ ಮತ್ತು ವಿರೋಧ

ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಏರಿದ ಇಂಗಾಲದ ಡೈಆಕ್ಸೈಡ್ ಕೇವಲ ಸಹಿಸಬೇಕಾದ ಬೆಲೆಯೇ, ಅಥವಾ ಅದರಿಂದಲೇ ಉಪಕಾರವುಂಟೇ? ಔಷಧವೂ ಆಗಬಹುದೆಂಬ ವಾದವನ್ನು 1999ರಲ್ಲಿ ಲಾಫಿ ಮತ್ತು ಕವನಾ ಮಂಡಿಸಿದರು. ಮೊಲಗಳ ಮೇಲಿನ ಪ್ರಯೋಗಗಳು ಅವರ ಪರವಾಗಿ ನುಡಿದವು. ಈ ಅನಿಲ ರಕ್ತದಲ್ಲಿ ಕರಗಿ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಉರಿಯೂತದ ಕಿಚ್ಚು ಹಚ್ಚುವ ಟಿಎನ್‌ಎಫ್‌ನಂಥ ಸಂಕೇತವಸ್ತುಗಳು ತಗ್ಗುತ್ತವೆ. ಅವುಗಳ ತಯಾರಿಗೆ ಅಪ್ಪಣೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಮಂಕಾಗುತ್ತದೆ. ಔಷಧದಿಂದ ಆಮ್ಲೀಯತೆಯನ್ನು ಸರಿಪಡಿಸಿದಾಗ ರಕ್ಷಣೆಯೂ ಕುಂದಿದ್ದು ಗಮನಾರ್ಹ.

ಎದುರು ಪಕ್ಷದ ಸಾಕ್ಷ್ಯವೂ ದುರ್ಬಲವಲ್ಲ. ಉರಿಯೂತವು ಶತ್ರು ಮಾತ್ರವಲ್ಲ, ಕಾವಲುಗಾರನೂ ಹೌದು. ಸೋಂಕು ಒಳಗಿರುವಾಗ ಕಾವಲುಗಾರನನ್ನು ಮಲಗಿಸಿದರೆ ಕಳ್ಳನಿಗೆ ಬಾಗಿಲು ತೆರೆದಂತೆ. ಏರಿದ ಇಂಗಾಲದ ಡೈಆಕ್ಸೈಡ್ ಮ್ಯಾಕ್ರೊಫೇಜ್ ಕೋಶಗಳು ರೋಗಾಣುಗಳನ್ನು ನುಂಗುವ ಶಕ್ತಿಯನ್ನು ಕುಗ್ಗಿಸುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಬ್ಯಾಕ್ಟೀರಿಯಾ ನ್ಯುಮೋನಿಯಾ ಇದ್ದ ಪ್ರಾಣಿಗಳಲ್ಲಿ ದಿನಗಟ್ಟಲೆ ಅದು ಏರಿದ್ದಾಗ ಶ್ವಾಸಕೋಶದ ಹಾನಿ ಹೆಚ್ಚಿತು. ಹರಿದ ಕೋಶಪೊರೆಯ ದುರಸ್ತಿ ನಿಧಾನವಾಗುತ್ತದೆ. ಗಾಳಿಗೂಡಿನಿಂದ ದ್ರವ ಹಿಂಗುವುದೂ ತಡವಾಗುತ್ತದೆ.

2000ದ ಪರೀಕ್ಷೆಯ ದಾಖಲೆಗಳ ಮರುವಿಶ್ಲೇಷಣೆಯಲ್ಲಿ ಬೋಧಪ್ರದವಾದ ಸಂಗತಿಯೊಂದು ಹೊರಬಿತ್ತು. ಏರಿದ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲೀಯತೆ ಇದ್ದವರಲ್ಲಿ ಸಾವು ಕಡಿಮೆಯಿದ್ದುದು 12 ಮಿಲಿಲೀಟರ್ ಗುಂಪಿನಲ್ಲಿ ಮಾತ್ರ. 6 ಮಿಲಿಲೀಟರ್ ಗುಂಪಿನಲ್ಲಿ ಆ ಲಾಭ ಕಾಣಲಿಲ್ಲ. ಎಳೆದಾಟದ ಗಾಯವೇ ಇಲ್ಲದೆಡೆ ಈ ಅನಿಲಕ್ಕೆ ಹೆಚ್ಚಿನ ಕೆಲಸವಿಲ್ಲವೆಂದು ಇದನ್ನು ಅರ್ಥೈಸಬಹುದು. 2017ರ ಇನ್ನೊಂದು ವಿಶ್ಲೇಷಣೆಯಲ್ಲಿ ಒತ್ತಡ 50 ಮೀರಿದ ರೋಗಿಗಳಲ್ಲಿ ಸಾವು ಹೆಚ್ಚಾಗಿತ್ತು. ಹಾಗೆಂದು ಯಂತ್ರದಿಂದ ಅನಿಲವನ್ನು ಹೊರತೆಗೆದು ಉಸಿರನ್ನು ಇನ್ನಷ್ಟು ಕಿರಿದಾಗಿಸಿದ, 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿಯೂ ಸಾವು ತಗ್ಗಲಿಲ್ಲ.

ಮನೆಯವರು ಅರಿಯಬೇಕಾದುದು

ಆದುದರಿಂದ ಇಂದಿನ ನಿಲುವು ಮಧ್ಯಮಮಾರ್ಗದ್ದು: ಶ್ವಾಸಕೋಶವನ್ನು ರಕ್ಷಿಸಲು ಒಂದಿಷ್ಟು ಏರಿಕೆಯನ್ನು ಸಹಿಸಬಹುದು, ಬೇಕೆಂದೇ ಏರಿಸುವುದು ರೂಢಿಯ ಚಿಕಿತ್ಸೆಯಲ್ಲ. ತಲೆಗೆ ಪೆಟ್ಟಾದವರಲ್ಲಿ ಇದು ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸಿ ತಲೆಬುರುಡೆಯೊಳಗಿನ ಒತ್ತಡವನ್ನು ಹೆಚ್ಚಿಸುವುದರಿಂದ ಅಪಾಯಕಾರಿ. ಹೃದಯದ ಬಲಭಾಗ ದುರ್ಬಲವಾದವರಲ್ಲಿಯೂ ಎಚ್ಚರ ಅಗತ್ಯ. ಇದನ್ನೋದಿ ಮನೆಯಲ್ಲಿ ಚೀಲದೊಳಗೆ ಉಸಿರಾಡುವಂಥ ಸಾಹಸಕ್ಕೆ ಯಾರೂ ಇಳಿಯಬಾರದು. ಅದರಿಂದ ಆಮ್ಲಜನಕ ಕುಸಿದು ಪ್ರಾಣಾಪಾಯವಾದೀತು.

ವರದಿಯಲ್ಲಿನ ಅಂಕಿಯೊಂದು ಏರಿದ್ದನ್ನು ಕಂಡು ಮನೆಯವರು ಎದೆಗುಂದಬೇಕಿಲ್ಲ, ಸುಮ್ಮನಿರಬೇಕೆಂದೂ ಇಲ್ಲ. ಈ ಏರಿಕೆ ಉದ್ದೇಶಪೂರ್ವಕವೇ? ಎಷ್ಟರವರೆಗೆ ಸಹಿಸುತ್ತೀರಿ? ಸೋಂಕು ಹತೋಟಿಯಲ್ಲಿದೆಯೇ? ಮಿದುಳು, ಹೃದಯಗಳ ಸ್ಥಿತಿ ಹೇಗಿದೆ? ಈ ನಾಲ್ಕು ಪ್ರಶ್ನೆಗಳನ್ನು ತಮಗೆ ಬರುವ ಭಾಷೆಯಲ್ಲಿ ಕೇಳಿ, ತಿಳಿಯುವ ಮಾತಿನಲ್ಲಿ ಉತ್ತರ ಪಡೆಯುವುದು ರೋಗಿಯ ಕಡೆಯವರ ಹಕ್ಕು. ಒಪ್ಪಿಗೆಪತ್ರಕ್ಕೆ ಹಾಕುವ ಸಹಿಗೆ ಅರ್ಥ ಬರುವುದು ಆಗಲೇ.