ಬಾಳ್ಗಚ್ಚು, ನೆತ್ತರುಗೊಡಗೆ

ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತ ವೀರಗಲ್ಲನ್ನು ಕಾಣದ ಕನ್ನಡಿಗರಾರು? ಅವುಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೊಂದು ವಿಚಿತ್ರವಾದುದು. ಅದರಲ್ಲಿ ಕಾದುತ್ತಿರುವುದು ವೀರನಲ್ಲ, ಒಂದು ನಾಯಿ!

949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದನು. ಅಲ್ಲಿ ಗಂಗ ಬೂತುಗನ ಪರವಾಗಿ ಹೋರಾಡಿದವನು ಮಣಲೆರ. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆನ್ನಲು, ಆತ ಬೇಡಿದ್ದು ಕಾಳಿಯೆಂಬ ಬೇಟೆನಾಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಕಲ್ಲಿನ ಪೂಜೆಗೆ ಭೂಮಿಯೂ ಸಂದಿತು.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಮಣಲೆರನಿಗೆ ಆತಕೂರು ಮೊದಲಾದ ಊರುಗಳು 'ಬಾಳ್ಗಚ್ಚು' ಆಗಿ ದೊರೆತವು. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆ. ವೀರನ ಕತ್ತಿಯನ್ನು ತೊಳೆದು ಮನ್ನಿಸಿ ಕೊಡುವ ಭೂಮಿಯೇ ಬಾಳ್ಗಚ್ಚು. ಮಡಿದವನ ಮನೆಯವರಿಗೆ ಸಲ್ಲುತ್ತಿದ್ದುದು ನೆತ್ತರುಗೊಡಗೆ, ಎಂದರೆ ಚೆಲ್ಲಿದ ನೆತ್ತರಿಗಾಗಿ ಕೊಟ್ಟ ಕೊಡುಗೆ.

ಕಲ್ಲು ಕೀರ್ತಿಗೆ, ಹೊಲ ಹೊಟ್ಟೆಗೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯಬಾರದೆಂಬ ವಿವೇಕ ಈ ಎರಡು ಪದಗಳಲ್ಲಿದೆ.

1949ರಿಂದ ಡಿಸೆಂಬರ್ 7 ನಮ್ಮಲ್ಲಿ ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಕೂಡಿದ ಹಣ ಯೋಧರ ಮತ್ತು ಅವರ ಕುಟುಂಬಗಳ ಕ್ಷೇಮಕ್ಕೆ ಸಲ್ಲುತ್ತದೆ. ನನ್ನ ತರಗತಿಯ ಮಕ್ಕಳು ಪುಟ್ಟ ಬಾವುಟವನ್ನು ಎದೆಗೆ ಸಿಕ್ಕಿಸಿಕೊಂಡು ಜಯಕಾರ ಹಾಕುತ್ತಾರೆ. ಹಾಕಲಿ, ಸಂತೋಷ. ಆದರೆ ಜಯಕಾರದಿಂದ ಒಲೆ ಉರಿಯದು. ನಮ್ಮೂರಿನಿಂದ ದಂಡಿಗೆ ಹೋದವನ ಹೊಲವನ್ನು ಈ ವರ್ಷ ಉತ್ತವರಾರು, ಮಡಿದವನ ಮಗು ಶಾಲೆಗೆ ಬಂದಿತೇ ಎಂದು ಹೋಗಿ ವಿಚಾರಿಸುವವನೇ ಸೈನಿಕನ ಬೆನ್ನಿಗೆ ನಿಂತವನು.