ನೀಲಿ ಬೆಳಕೇ ಹವಳದ ಊಟ!

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಹವಳಕ್ಕೆ ಹೊಟ್ಟೆ ತುಂಬುವುದು ಹೆಚ್ಚಾಗಿ ದೀಪದಿಂದ. ಹವಳ ಪ್ರಾಣಿಯೇ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳಿವೆ. ಅವು ಬೆಳಕಿನಿಂದ ಮಾಡುವ ಸಕ್ಕರೆಯೇ ದಿಬ್ಬ ಕಟ್ಟುವ ಹವಳಗಳ ಮುಖ್ಯ ಆಹಾರ.

ಕೆಂಪು ಬೆಳಕನ್ನು ಕಡಲು ಮೊದಲ ಕೆಲವು ಮೀಟರುಗಳಲ್ಲೇ ನುಂಗಿಬಿಡುತ್ತದೆ. ಆಳಕ್ಕಿಳಿಯುವುದು ನೀಲಿ. ಅದಕ್ಕೇ ಸ್ವತಃ ದೀಪ ಕಟ್ಟಿಕೊಳ್ಳುವ ಹವ್ಯಾಸಿಗಳು ಬಿಳಿ ಎಲ್‌ಇಡಿಗಳ ಜೊತೆ 450 ನ್ಯಾನೊಮೀಟರ್ ಆಸುಪಾಸಿನ ಕಡುನೀಲಿಯವನ್ನು ಧಾರಾಳವಾಗಿ ಕೂರಿಸುತ್ತಾರೆ. ಎಲ್‌ಇಡಿಗಳ ಬೆನ್ನಿಗೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಇರಲೇಬೇಕು. ಶಾಖ ಹೊರಹೋಗದಿದ್ದರೆ ಎಲ್‌ಇಡಿ ಬೇಗ ಮಂಕಾಗುತ್ತದೆ. ನೀಲಿ ಎಲ್‌ಇಡಿ ರೂಪಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು.

ಬಿಳಿ ದೀಪ ಆರಿಸಿ ನೀಲಿಯನ್ನಷ್ಟೇ ಉಳಿಸಿದಾಗ ನೋಡಬೇಕು! ಮಂಕು ಕಂದು ಬಣ್ಣದ ಹವಳ ಗಿಳಿಹಸಿರಾಗಿ, ಕಿತ್ತಳೆಯಾಗಿ ಹೊಳೆಯತೊಡಗುತ್ತದೆ. ಅದರ ಪ್ರೋಟೀನುಗಳು ನೀಲಿಯನ್ನು ಹೀರಿ ಬೇರೆ ಬಣ್ಣ ಹೊಮ್ಮಿಸುತ್ತವೆ.

ಅತಿಯಾದರೆ ಅಪಾಯ. ಹೊಸ ದೀಪವನ್ನು ಮೊದಲ ದಿನವೇ ಪೂರ್ತಿ ಉರಿಸಿದರೆ ಹವಳ ತನ್ನ ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳಬಹುದು. ಪಳಗಿದವರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಬೆಳಕು ಏರಿಸುತ್ತಾರೆ.